ಜಾಡಿ ನಂದು, ಲೋಟ ನಿಂದು

ಮದುವೆ ಮಂಗಳವಾರ ಎಂದಾಗ ಮೊದಲು ನಕ್ಕದ್ದು ನನ್ನ ಗಂಡ. ಉಕ್ಕಿನ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಕುಲುಮೆಯ ಮುಂದೆ ನಿಂತು ನಿವೃತ್ತರಾದ ಮನುಷ್ಯ. ಪಂಚಾಂಗ ನಂಬುವುದಿಲ್ಲ ಎನ್ನುತ್ತಾರೆ, ಆದರೆ ಅದಕ್ಕೊಂದು ಮೊಳೆ ಹೊಡೆದು ಅಡುಗೆಮನೆಯಲ್ಲಿ ತೂಗುಹಾಕಿದವರೂ ಅವರೇ.

"ಮಂಗಳವಾರ ಯಾರರ ಮದುವಿ ಮಾಡ್ತಾರೇನ?"

"ಅವರೊಳಗ ಮಾಡ್ತಾರ. ಲೋಕ ಹುಟ್ಟಿಸೂ ಮುಂದ ದೇವರು ಮಂಗಳವಾರ ಎರಡು ಸಲ 'ಚಲೋ ಆತು' ಅಂದಾನಂತ."

"ನಮ್ಮ ದೇವರು ಯಾವ ವಾರಾನೂ ಒಂದ ಸಲ ಸುದ್ದಾ ಅಂದಿಲ್ಲ ನೋಡು," ಎಂದು ಪೇಪರಿನ ಹಾಳೆ ತಿರುವಿದರು.

ಮದುವೆ ನನ್ನ ಗೆಳತಿಯ ಮಗಳದು. ಗೆಳತಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಅವಳು ಯೆಹೂದಿ. ಕೊಂಕಣದ ಕರಾವಳಿಯಲ್ಲಿ ಗಾಣ ಹಾಕಿ ಎಣ್ಣೆ ತೆಗೆಯುತ್ತಿದ್ದ, ಶನಿವಾರ ಮಾತ್ರ ಗಾಣ ನಿಲ್ಲಿಸುತ್ತಿದ್ದ ಹಿರಿಯರ ಮನೆತನ. ಆಮೇಲೆ ಠಾಣೆಗೆ ಬಂದು ನೆಲೆಸಿದವರು. ಮನೆಮಾತು ಮರಾಠಿ. ನಾನು ಧಾರವಾಡದವಳಾದ್ದರಿಂದ ಮರಾಠಿ ನನಗೂ ಅರ್ಧ ಮನೆಮಾತೇ. ನಾವಿಬ್ಬರೂ ಒಂದೇ ಬ್ಯಾಂಕಿಗೆ ಸೇರಿ, ಒಂದೇ ವಾರದಲ್ಲಿ ವಿಜಯವಾಡಕ್ಕೆ ಹಾಕಿಸಿಕೊಂಡು, ಗವರ್ನರ್‌ಪೇಟೆಯ ಒಂದು ಮಹಡಿಯ ಮೇಲೆ ಮೂರು ವರ್ಷ ಒಂದೇ ಕೋಣೆಯಲ್ಲಿ ಇದ್ದವರು. ಅವಳು ನನ್ನಿಂದ ಕನ್ನಡ ಕಲಿತಳು, ನಾನು ಅವಳಿಂದ ಸೀರೆಗೆ ಇಸ್ತ್ರಿ ಹಾಕುವುದನ್ನು ಕಲಿತೆ. ಆಮೇಲೆ ಇಬ್ಬರಿಗೂ ವಿಶಾಖಪಟ್ಟಣಕ್ಕೆ ವರ್ಗವಾಯಿತು. ಅವಳ ಮಗಳು ಹತ್ತನೆಯ ತರಗತಿಯವರೆಗೆ ಇಲ್ಲೇ, ನನ್ನ ಮನೆಯಲ್ಲಿ ಅರ್ಧ, ಅವಳ ಮನೆಯಲ್ಲಿ ಅರ್ಧ ಬೆಳೆದಳು. ನನ್ನನ್ನು ಮರಾಠಿಯವರ ಹಾಗೆ ಮೌಶಿ, ಚಿಕ್ಕಮ್ಮ, ಎನ್ನುತ್ತಾಳೆ. ಅವಳ ಕನ್ನಡ ನನ್ನ ಅಡುಗೆಮನೆಯದು, ತೆಲುಗು ಬೀದಿಯದು, ಎರಡೂ ಒಂದೇ ಉಸಿರಿನಲ್ಲಿ ಬರುತ್ತವೆ.

ಹುಡುಗಿ ಈಗ ಪುಣೆಯಲ್ಲಿ ಕೆಲಸದಲ್ಲಿದ್ದಾಳೆ. ಹುಡುಗ ಅವರದೇ ಸಮಾಜದವನು, ಠಾಣೆಯವನು. ಮದುವೆ ಮಾತ್ರ ಅಮ್ಮ ಸಂಜೆ ಕೈಹಿಡಿದು ನಡೆಸುತ್ತಿದ್ದ ಈ ಕಡಲ ದಂಡೆಯ ಮೇಲೇ ಆಗಬೇಕು ಎಂದು ಹಟ ಹಿಡಿದಳು. ಪ್ರಾರ್ಥನಾಮಂದಿರವಿಲ್ಲದ, ಅವರ ಜನ ಬೆರಳೆಣಿಕೆಗೂ ಸಿಗದ ಊರಿಗೆ ಅರವತ್ತು ಜನ ಅತಿಥಿಗಳನ್ನು ಕರೆತರುವ ಹಟ. ಅವಳ ಅಪ್ಪ ಮಾತು ಕಡಿಮೆಯ ಮನುಷ್ಯ. "ನೀವು ಇದ್ದೀರಲ್ಲ" ಎಂದಷ್ಟೇ ಫೋನಿನಲ್ಲಿ ಹೇಳಿದರು. ಇದ್ದೇನಲ್ಲ! ಮಧುರವಾಡದ ಅಪಾರ್ಟ್‌ಮೆಂಟಿನ ಐದನೆಯ ಮಹಡಿಯಲ್ಲಿ, ನೋಯುವ ಮಂಡಿ ಇಟ್ಟುಕೊಂಡು, ಮಾಡಲು ಏನೂ ಕೆಲಸವಿಲ್ಲದೆ ಎಲ್ಲರ ಮೇಲೂ ರೇಗುತ್ತ ಇದ್ದೆ. ಕೆಲಸ ಸಿಕ್ಕಿತು.

ಭೀಮಿಲಿ ದಾರಿಯಲ್ಲಿ ಕಡಲಿಗೆ ಮುಖಮಾಡಿದ ಒಂದು ರೆಸಾರ್ಟು ಗೊತ್ತುಮಾಡಿದೆ. ಮದುವೆ ಏರ್ಪಾಡು ಮಾಡುವ ಹೆಣ್ಣುಮಗಳು ಲ್ಯಾಪ್‌ಟಾಪು ತೆರೆದುಕೊಂಡು ಕೂತಳು. "ಮಂಗಳವಾರಮಾ ಮೇಡಂ?" ಎಂದು ಕಣ್ಣರಳಿಸಿ, ಆ ದಿನ ಊರಿನ ಒಂದು ಕಲ್ಯಾಣಮಂಟಪವೂ ತುಂಬಿರುವುದಿಲ್ಲ ಎಂದು ನೆನಪಾಗಿ ಖುಷಿಪಟ್ಟಳು. ನಾಲ್ಕು ಕೋಲು, ಮೇಲೆ ಒಂದು ಬಿಳಿಯ ಬಟ್ಟೆ, ನಾಲ್ಕೂ ಕಡೆ ತೆರೆದಿರಬೇಕು, ಅಷ್ಟೇ ಮಂಟಪ ಎಂದು ನಾನು ಮೂರು ಸಲ ಹೇಳಿದೆ. ಅವಳು ಮೂರು ಸಲವೂ ಆನೆಮುಖದ ಕಂಬಗಳ ಚಿತ್ರ ಕಳಿಸಿದಳು. "ವಿನಾಯಕುಡು ಲೇಕುಂಡಾ ಎಲಾ ಮೇಡಂ?" ಗಣಪತಿ ಇಲ್ಲದೆ ಹೇಗೆ ಎಂದು ಅವಳಿಗೆ ನಿಜವಾಗಿಯೂ ಸಂಕಟ. ಇನ್ನು ಅಡುಗೆಯವನು ಸಿಗಡಿ ಇಲ್ಲದ ಊಟಕ್ಕೆ ತನ್ನ ಹೆಸರು ಹಾಳಾಗುತ್ತದೆ ಎಂದ. ಅವರ ಆಚಾರದ ಪ್ರಕಾರ ಹುರುಪೆ ಮತ್ತು ಈಜುರೆಕ್ಕೆ ಎರಡೂ ಇರುವ ಮೀನು ಮಾತ್ರ, ಮಾಂಸ ಬೇಡ, ಪಾತ್ರೆಗಳೆಲ್ಲ ಹೊಸವು ಎಂದು ನಾನು ಅವನಿಗೆ ಪಾಠ ಮಾಡಿದೆ. ಹುಟ್ಟಿದಾಗಿನಿಂದ ಮೀನು ಮುಟ್ಟದ ಬಾಯಿ ಹುರುಪೆಯ ಬಗ್ಗೆ ಅಷ್ಟು ಮಾತಾಡಿದ್ದು ಕೇಳಿ ನನ್ನ ಗಂಡ ಎದ್ದು ಬಾಲ್ಕನಿಗೆ ಹೋದರು.

ಪ್ರಾರ್ಥನೆಗೆ ಅವರ ಜನ ಹತ್ತು ಮಂದಿ ಗಂಡಸರು ಕೂಡಲೇಬೇಕಂತೆ. ಯಾರಾದರೂ ಕೈಕೊಟ್ಟರೆ ಎಂದು ಹದಿನಾಲ್ಕು ಜನರ ಟಿಕೆಟನ್ನು ನಾನೇ ವಾರಕ್ಕೊಮ್ಮೆ ವಿಚಾರಿಸುತ್ತಿದ್ದೆ. ಗಂಡಸರ ಆರೋಗ್ಯದ ಬಗ್ಗೆ ನಾನು ಅಷ್ಟು ಕಾಳಜಿ ಮಾಡಿದ್ದು ಜನ್ಮದಲ್ಲಿ ಅದೊಂದೇ ಸಲ.

ಎಲ್ಲ ಒಂದು ಹದಕ್ಕೆ ಬಂತು ಅನ್ನುವಾಗ ಹುಡುಗಿ ಫೋನು ಮಾಡಿದಳು. ಮದುವೆಗೆ ಎರಡು ವಾರ ಇತ್ತು.

"ಮೌಶಿ, ಎಲ್ಲಾ ಅದ. ಅಮ್ಮನ ಶರಬತ್ತು ಇಲ್ಲ."

ಮಂಟಪದ ಕೆಳಗೆ ವಧೂವರರು ಒಂದೇ ಬಟ್ಟಲಿನಿಂದ ಕುಡಿಯುವ ಶಾಸ್ತ್ರವಿದೆ. ಬೇರೆ ಕಡೆ ದ್ರಾಕ್ಷಾರಸದ ಬಾಟಲಿ ತರುತ್ತಾರೆ. ಇವರ ಮನೆತನದಲ್ಲಿ ಕಪ್ಪು ಒಣದ್ರಾಕ್ಷಿ ನೆನೆಹಾಕಿ, ಹಿಂಡಿ, ಶರಬತ್ತು ಮಾಡುತ್ತಾರೆ. ಪ್ರತಿ ಶುಕ್ರವಾರ ಸಂಜೆಯ ಪ್ರಾರ್ಥನೆಗೂ ಅದೇ. ಗೆಳತಿಗೆ ಸಕ್ಕರೆಕಾಯಿಲೆ ಬಂದ ಮೇಲೆ ಮಾಡುವುದು ಬಿಟ್ಟಿದ್ದಳು. ಮಗಳು ಆಗ ಕಾಲೇಜಿನವಳು, ಕೇಳಿ ಕಲಿಯಲಿಲ್ಲ. ಎಲ್ಲೂ ಬರೆದಿಟ್ಟಿಲ್ಲ. ಅಪ್ಪನನ್ನು ಕೇಳಿದರೆ, ಬಾಟಲಿ ತಂದರಾಯಿತು ಎಂದರಂತೆ. ಅಮ್ಮ ಇಲ್ಲದ ಮದುವೆಯಲ್ಲಿ ಆ ಬಟ್ಟಲಿನ ರುಚಿಯಾದರೂ ಅಮ್ಮನದಿರಲಿ ಎಂಬುದು ಆ ಹುಡುಗಿಯ ಆಸೆ. ಅದನ್ನು ಹೇಳುತ್ತ ಅವಳು ಅಳಲು ಶುರುಮಾಡಿದಳು. ನಾನೂ ಅತ್ತುಬಿಡುತ್ತೇನೆಂದು ಗದರಿಸಿದೆ.

"ಅಳಬ್ಯಾಡ. ನಾ ನೋಡೇನಿ ಅಕಿ ಮಾಡೂದು. ಮೂರು ವರ್ಷ, ಪ್ರತಿ ಶುಕ್ರವಾರ."

ನೋಡಿದ್ದೆ. ಮುಟ್ಟಿರಲಿಲ್ಲ. ಒಂದೇ ಒಂದು ಸಲ ಮುಟ್ಟಿದ್ದೆ.

ಗವರ್ನರ್‌ಪೇಟೆಯ ಆ ಕೋಣೆಗೆ ಒಂದೇ ಕಿಟಕಿ. ಕೆಳಗೆ ಸಗಟು ಅಂಗಡಿಗಳು, ಹಮಾಲರ ಕೂಗು, ಮೆಣಸಿನಕಾಯಿ ಘಾಟು. ಗುರುವಾರ ಸಂಜೆ ಅವಳು ದ್ರಾಕ್ಷಿ ನೆನೆಹಾಕುತ್ತಿದ್ದಳು. ಶುಕ್ರವಾರ ಬೆಳಿಗ್ಗೆ ಬ್ಯಾಂಕಿಗೆ ಹೊರಡುವ ಮೊದಲು ಹಿಂಡಿ, ಗಾಜಿನ ಜಾಡಿಗೆ ಹಾಕಿ, ಬಾಯಿಗೆ ಬಟ್ಟೆ ಕಟ್ಟಿ ಕಿಟಕಿಯ ಕಟ್ಟೆಯ ಮೇಲೆ ಇಡುತ್ತಿದ್ದಳು. ಸಂಜೆ ದೀಪ ಹಚ್ಚಿ, ತಲೆಗೆ ಸೆರಗು ಹೊದ್ದು, ಪ್ರಾರ್ಥನೆ ಹೇಳಿ, ಸ್ಟೀಲಿನ ಎರಡು ಲೋಟಕ್ಕೆ ತಾನೇ ಬಗ್ಗಿಸುತ್ತಿದ್ದಳು. ಒಂದನ್ನು ನನ್ನ ಕೈಯಲ್ಲಿಟ್ಟು ನಗುತ್ತಿದ್ದಳು: "ಜಾಡಿ ನಂದು, ಲೋಟ ನಿಂದು." ಜಾಡಿ ಮಾತ್ರ ಮುಟ್ಟಬಾರದು ಎಂದು ಮೊದಲ ವಾರವೇ ಹೇಳಿದ್ದಳು. ಪ್ರಾರ್ಥನೆಯ ರಸ ಅವರ ಜನರ ಕೈಯಲ್ಲೇ ಆಗಬೇಕು, ಬೇರೆಯವರು ಎತ್ತಿದರೆ ನಡೆಯುವುದಿಲ್ಲ. ಹ್ಞೂಂ ಎಂದಿದ್ದೆ.

ಒಂದು ಶುಕ್ರವಾರ ನಾನು ತಲೆನೋವೆಂದು ಬೇಗ ಬಂದಿದ್ದೆ. ಮಳೆ ಬಂತು, ಗಾಳಿ ಎಂಥದೆಂದರೆ ನೀರು ಕಿಟಕಿಯಿಂದ ಒಳಗೇ ಹೊಡೆಯುತ್ತಿತ್ತು. ನಾನು ಓಡಿಹೋಗಿ ಜಾಡಿ ಎತ್ತಿ ಒಳಗಿಟ್ಟೆ. ಅವಳು ತೊಯ್ದು ಬಂದು ನೋಡಿದಳು.

"ನೀ ಮುಟ್ಟೀಯೇನ?"

"ಎತ್ತಿ ಇಟ್ಟೆ. ಮಳೀ ಹೊಡೀಲಿಕ್ಕತ್ತಿತ್ತು."

ಅವಳು ಜಾಡಿಯನ್ನು ಬಚ್ಚಲಿಗೆ ಒಯ್ದು ಪೂರ್ತಿ ಸುರಿದಳು. ಆ ಸದ್ದು ನನಗೆ ಈಗಲೂ ಕೇಳುತ್ತದೆ. ಕಪ್ಪುಗೆಂಪು ನೀರು ಬಚ್ಚಲ ಕಲ್ಲಿನ ಮೇಲೆ ಹರಿದು ಹೋಯಿತು. ನನ್ನ ಮೈ ಉರಿಯಿತು. ಉಪಕಾರ ಮಾಡಿದ್ದಕ್ಕೆ ಇದೇನು ಬಹುಮಾನ? ಹನ್ನೊಂದು ದಿನ ನಾನು ಅವಳ ಜೊತೆ ಮಾತಾಡಲಿಲ್ಲ. ಅದೇ ಕೋಣೆ, ಅದೇ ಸ್ಟೋವು, ಅದೇ ಬಸ್ಸು, ಮಾತಿಲ್ಲ. ಹನ್ನೆರಡನೆಯ ದಿನ ಉಪ್ಪಿನ ಡಬ್ಬಿ ಎಲ್ಲಿ ಎಂದು ಕೇಳಲೇಬೇಕಾಗಿ ಬಂದು ಮುನಿಸು ಮುರಿಯಿತು. ಆದರೆ ಒಳಗೆ ಒಂದು ಮುಳ್ಳು ಉಳಿಯಿತು.

ಆ ಮುಳ್ಳು ಹೋದದ್ದು ಧಾರವಾಡದಲ್ಲಿ, ನನ್ನ ಮದುವೆಯ ಸಮಯದಲ್ಲಿ. ಗೆಳತಿ ನಾಲ್ಕು ದಿನ ಮೊದಲೇ ಬಂದಿದ್ದಳು. ಬಾಯಾರಿ, ನಡುಮನೆಯಲ್ಲಿದ್ದ ಅಜ್ಜಿಯ ಮಡಿನೀರಿನ ಕೊಡದಿಂದ ಒಂದು ತಂಬಿಗೆ ನೀರು ತುಂಬಿಕೊಂಡಳು. ಅಜ್ಜಿ ನೋಡಿದಳು. ಸಿಟ್ಟು ಮಾಡಲಿಲ್ಲ, ಕೊಡವನ್ನು ಹಿತ್ತಲಿಗೆ ಒಯ್ದು ಬಾಳೆಗಿಡದ ಬುಡಕ್ಕೆ ಪೂರ್ತಿ ಸುರಿದಳು, ಹುಣಸೆಹಣ್ಣು ಹಚ್ಚಿ ಕೊಡ ತಿಕ್ಕಲು ಕೂತಳು. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಗೆಳತಿ ನನ್ನ ಕಿವಿಯಲ್ಲಿ ಹೇಳಿದಳು: "ನಿಮ್ಮಜ್ಜಿ ಮತ್ತ ನಮ್ಮಣ್ಣ ಒಂದ ಸಾಲಿಯೊಳಗ ಕಲ್ತಾರ ನೋಡು." ಅವಳ ಅಣ್ಣ ಠಾಣೆಯ ಪ್ರಾರ್ಥನಾಮಂದಿರದಲ್ಲಿ ಪ್ರಾರ್ಥನೆ ನಡೆಸುವವರು. ಆಚಾರದಲ್ಲಿ ಕೂದಲು ಸೀಳುವವರು.

ಅವಳು ನಕ್ಕಳು, ನಾನು ನಗಲಿಲ್ಲ. ನಮ್ಮ ಹಿತ್ತಲ ಬಾಗಿಲಲ್ಲಿ ಪಾತ್ರೆ ತಿಕ್ಕುತ್ತಿದ್ದ ಕೆಲಸದ ಹೆಂಗಸಿಗೆ ನಾವು ಬೊಗಸೆಗೆ ಮೇಲಿನಿಂದ ನೀರು ಹೊಯ್ಯುತ್ತಿದ್ದೆವು. ನಾನೇ ಎಷ್ಟೋ ಸಲ ಹೊಯ್ದಿದ್ದೆ, ಏನೂ ಅನ್ನಿಸದೆ. ಒಂದು ಜಾಡಿ ಸುರಿದದ್ದಕ್ಕೆ ನಾನು ಹನ್ನೊಂದು ದಿನ ಮುನಿಸಿಕೊಂಡೆ. ಆ ಹೆಂಗಸು ಒಂದು ದಿನವೂ ಮುನಿಸಿಕೊಳ್ಳುವ ಹಾಗಿರಲಿಲ್ಲ. ಗೆಳತಿ ಜಾಡಿ ಮುಟ್ಟಗೊಡಲಿಲ್ಲ, ನಿಜ. ಆದರೆ ಮೊದಲ ಲೋಟ ನನ್ನ ಕೈಯಲ್ಲೇ ಇಡುತ್ತಿದ್ದಳು, ನನ್ನ ತಟ್ಟೆಯಿಂದಲೇ ತಿನ್ನುತ್ತಿದ್ದಳು. ನಮ್ಮ ಮನೆಯಲ್ಲಿ ಆ ಲೋಟ ಇರಲಿಲ್ಲ. ಅವತ್ತಿನಿಂದ ಅವಳ ಮೇಲಿನ ಸಿಟ್ಟು ಹೋಯಿತು, ನನ್ನ ಮೇಲೆ ಸ್ವಲ್ಪ ಬಂತು, ಪೂರ್ತಿ ಹೋಗಿಲ್ಲ.

ಹುಡುಗಿಯ ಮಾತು ಕೇಳಿ ನಾನು ಆ ಅಣ್ಣನಿಗೆ ಫೋನು ಮಾಡಿದೆ. ಮದುವೆ ನಡೆಸಿಕೊಡುವವರು ಅವರೇ. ಎಂಬತ್ತು ದಾಟಿದೆ, ದನಿ ಮಾತ್ರ ಕಂಚು. ಮರಾಠಿಯಲ್ಲಿ ನೇರವಾಗಿ ಹೇಳಿದರು: "ಶರಬತ್ತು ಆಗಬಹುದು. ಹುಡುಗಿ ಮಾಡಬೇಕು, ಇಲ್ಲ ನಮ್ಮವರು ಯಾರಾದರೂ ಮಾಡಬೇಕು. ದ್ರಾಕ್ಷಿ ನೀರು ಬಿಡುವ ತನಕ ನೀವು ಏನು ಬೇಕಾದರೂ ಮಾಡಿ. ಆಮೇಲೆ ಕೈ ಹಚ್ಚಬೇಡಿ." ಮೂವತ್ತೈದು ವರ್ಷದ ಹಿಂದಿನ ಬಚ್ಚಲಿನ ಸದ್ದು ಮತ್ತೆ ಕೇಳಿಸಿತು. ಆಯಿತು ಎಂದು ಫೋನು ಇಟ್ಟೆ. ಅರ್ಧ ಗಂಟೆ ಯಾರೂ ನನ್ನ ಹತ್ತಿರ ಬರಲಿಲ್ಲ.

ಹುಡುಗಿ ಹತ್ತು ದಿನ ಮೊದಲೇ ನಮ್ಮ ಮನೆಗೆ ಬಂದಳು. ಮೊದಲ ಸಲ ಇಲ್ಲಿಯ ಸೂಪರ್‌ಮಾರ್ಕೆಟ್ಟಿನ ಬೀಜವಿಲ್ಲದ ದ್ರಾಕ್ಷಿ ನೆನೆಹಾಕಿ, ಮಿಕ್ಸಿಗೆ ಹಾಕಿ, ಸೋಸಿದಳು. ರಾಮನವಮಿಯ ಪಾನಕದ ಹಾಗಾಯಿತು, ಬರೀ ಸಿಹಿ. ಅವಳಮ್ಮನದು ನಾಲಿಗೆಯ ತುದಿಯಲ್ಲಿ ಸಿಹಿ, ಹಿಂದೆ ಒಂದು ಚೂರು ಒಗರು. ಬೀಜವಿರುವ ಕಪ್ಪು ದ್ರಾಕ್ಷಿಯೇ ಬೇಕು, ನಮ್ಮ ಕಡೆ ಮಣೂಕ ಎನ್ನುವುದು. ಅದು ಎಲ್ಲಿ ಸಿಗುತ್ತದೆಂದು ನನಗೆ ಗೊತ್ತಿತ್ತು. ಮಂಡಿಗೆ ಪಟ್ಟಿ ಕಟ್ಟಿಕೊಂಡು, ಮದುಮಗಳನ್ನು ಕರೆದುಕೊಂಡು, ಬೆಳಗಿನ ರೈಲಿಗೆ ವಿಜಯವಾಡಕ್ಕೆ ಹೋದೆ.

"ಆನ್‌ಲೈನ್ ಸಿಗ್ತದಲ್ಲಾ ಮೌಶಿ," ಎಂದಳು ರೈಲಿನಲ್ಲಿ.

"ಸಿಗ್ತದ. ಹಲ್ಲು ಕಟ್ಟೂ ಡಾಕ್ಟರೂ ಆನ್‌ಲೈನ್ ಸಿಗ್ತಾನ. ಸುಮ್ಮನ ಕೂಡು."

ಗವರ್ನರ್‌ಪೇಟೆಯಲ್ಲಿ ಆಟೋಗಳ ನಡುವೆ ನಿಂತು ತಲೆಯೆತ್ತಿ ನೋಡಿದೆ. ನಮ್ಮ ಮಹಡಿ ಇದ್ದ ಜಾಗದಲ್ಲಿ ಮೊಬೈಲು ಬಿಡಿಭಾಗಗಳ ನಾಲ್ಕಂತಸ್ತಿನ ಕಟ್ಟಡ. ಕಿಟಕಿ ಇರಬೇಕಾದ ಎತ್ತರದಲ್ಲಿ ಒಂದು ಬೋರ್ಡು. ಹುಡುಗಿಗೆ ಬೆರಳು ಮಾಡಿ ತೋರಿಸಿದೆ, ಅಲ್ಲಿ ನಿಮ್ಮಮ್ಮ ತಲೆ ಒಣಗಿಸಿಕೊಳ್ಳುತ್ತಿದ್ದಳು ಎಂದು. ಅವಳು ಬಹಳ ಹೊತ್ತು ಆ ಬೋರ್ಡನ್ನೇ ನೋಡಿದಳು, ಫೋಟೋ ಕೂಡ ತೆಗೆದುಕೊಂಡಳು. ದ್ರಾಕ್ಷಿಯ ಅಂಗಡಿ ಮಾತ್ರ ಎರಡು ಬಾಗಿಲು ಆಚೆ ಹಾಗೇ ಇತ್ತು. ಗೋಣಿಚೀಲದಲ್ಲಿ ಸುಕ್ಕುಗಟ್ಟಿದ ಕಪ್ಪು ಮಣೂಕ. ಮೂಸಿ ನೋಡಿದರೆ ಅದೇ ವಾಸನೆ. ನಾನು ಅಂಗಡಿಯ ಮುಂದೆ ನಿಂತೇ ಕಣ್ಣೊರೆಸಿಕೊಂಡೆ. ಅಂಗಡಿಯವರು ಮೆಣಸಿನಕಾಯಿ ಘಾಟೆಂದು ತಿಳಿದು ಕುರ್ಚಿ ಕೊಟ್ಟರು.

ಮದುವೆಯ ಹಿಂದಿನ ದಿನ, ಸೋಮವಾರ ಬೆಳಿಗ್ಗೆ, ಆ ಮಣೂಕವನ್ನು ಮಿಕ್ಸಿಗೆ ಹಾಕಿ, ಸೋಸಿ ನೋಡಿದರೆ ಶರಬತ್ತು ಕಹಿ. ಒಗರಲ್ಲ, ಕಹಿ, ಕಷಾಯದ ಕಹಿ. ಹುಡುಗಿ ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟಳು. ಕೈಗೆ ಅವತ್ತು ಮೆಹಂದಿ ಹಚ್ಚಬೇಕು, ಅತಿಥಿಗಳು ಬರುತ್ತಿದ್ದಾರೆ, ಅವಳ ಕಣ್ಣು ಕೆಂಪಾಗಿದೆ.

"ಮೌಶಿ, ನೀವೇ ಮಾಡಿಬಿಡ್ರಿ. ನಿಮ್ಮ ಕೈ ಅಡಗಿ ಕೈ. ಎವರಿಕಿ ತೆಲುಸ್ತುಂದಿ?"

ಯಾರಿಗೆ ಗೊತ್ತಾಗುತ್ತದೆ? ಯಾರಿಗೂ ಇಲ್ಲ. ಮನೆಯಲ್ಲಿ ನಾವಿಬ್ಬರೇ. ಗೆಳತಿಯ ಅಣ್ಣ ರೆಸಾರ್ಟಿನಲ್ಲಿ ಇಳಿದುಕೊಂಡಿದ್ದಾರೆ. ನನ್ನ ಕೈ ತುರಿಸುತ್ತಿತ್ತು, ಸುಳ್ಳು ಹೇಳುವುದಿಲ್ಲ. ಆ ಬಚ್ಚಲಿಗೆ ಹೋದ ಜಾಡಿಗೆ ಅದೇ ಉತ್ತರ ಎಂದೂ ಒಂದು ಕ್ಷಣ ಅನ್ನಿಸಿತು. ಆಮೇಲೆ ನಾಚಿಕೆಯಾಯಿತು. ನನ್ನ ಕೈಯ ಶರಬತ್ತು ಎಷ್ಟೇ ಚೆನ್ನಾಗಿದ್ದರೂ ಅದು ಅವಳಮ್ಮನದಾಗುವುದಿಲ್ಲ. ಅವಳಮ್ಮ ಸುರಿದುಬಿಡುವ ಶರಬತ್ತನ್ನು ಅವಳಮ್ಮನ ನೆನಪಿಗೆಂದು ಕುಡಿಸುವುದು ಹೇಗೆ?

"ನಿಮ್ಮಮ್ಮ ಚೆಲ್ಲಿಬಿಡ್ತಿದ್ಲವಾ," ಎಂದೆ. "ಏಳು. ನೀನ ಮಾಡಬೇಕು."

ಅವಳು ಮೂಗೊರೆಸಿಕೊಂಡು ಕೇಳಿದಳು, "ಅಮ್ಮ ಮಿಕ್ಸಿ ಎಷ್ಟು ಹೊತ್ತು ತಿರುಗಿಸ್ತಿದ್ಲು? ನೆನಪು ಮಾಡ್ಕೋರಿ."

ನಾನು ಕಣ್ಣುಮುಚ್ಚಿ ಆ ಕೋಣೆಗೆ ಹೋದೆ. ಶುಕ್ರವಾರದ ಬೆಳಗು. ಹಮಾಲರ ಕೂಗು ಕೇಳಿತು, ಸ್ಟೋವಿನ ಸದ್ದು ಕೇಳಿತು, ಅವಳು ಗುನುಗುವುದು ಕೇಳಿತು. ಮಿಕ್ಸಿ ಕೇಳಲಿಲ್ಲ. ಹೇಗೆ ಕೇಳೀತು? ನಮ್ಮಲ್ಲಿ ಮಿಕ್ಸಿಯೇ ಇರಲಿಲ್ಲ! ಅವಳು ನೆಲದ ಮೇಲೆ ಕೂತು, ಪರಾತು ಎನ್ನುವ ದೊಡ್ಡ ತಟ್ಟೆಯಲ್ಲಿ ದ್ರಾಕ್ಷಿಯನ್ನು ಅಂಗೈಯಿಂದ ಕಿವುಚುತ್ತಿದ್ದಳು, ಬೀಜ ಒಡೆಯದ ಹಾಗೆ, ಮೆಲ್ಲಗೆ, ಅರ್ಧ ತಾಸು. ಮಿಕ್ಸಿಯಲ್ಲಿ ಬೀಜ ಅರೆದು ಕಹಿ ಮಾಡಲಿಕ್ಕೆ ವಿಜಯವಾಡದವರೆಗೆ ಹೋಗಿಬಂದೆವಲ್ಲ ಎಂದು ನನ್ನ ಹಣೆ ನಾನೇ ಚಚ್ಚಿಕೊಂಡೆ.

ಸಂಜೆ ನಾನು ಮಣೂಕ ಆರಿಸಿದೆ, ತೊಟ್ಟು ಬಿಡಿಸಿದೆ, ಮೂರು ಸಲ ತೊಳೆದೆ. ಅದು ನನ್ನ ಪಾಲು. ನೀರು ಹೊಯ್ದವಳು ಅವಳು. ಮಂಗಳವಾರ ಬೆಳಿಗ್ಗೆ ಅವಳು ಮೆಹಂದಿಯ ಕೈ ತೊಳೆದುಕೊಂಡು ಪರಾತಿನ ಮುಂದೆ ಕೂತಳು. ನಾನು ಎದುರಿಗೆ ಸ್ಟೂಲಿನ ಮೇಲೆ, ಕೈ ಬೆನ್ನ ಹಿಂದೆ ಕಟ್ಟಿಕೊಂಡು ಕೂತೆ. ಸುಮ್ಮನಿರುವುದು ನನ್ನ ಜಾಯಮಾನದಲ್ಲಿಲ್ಲ. ಮೆಲ್ಲಗ, ಹೆಬ್ಬೆರಳು ಬ್ಯಾಡ, ಅಂಗೈ, ಇನ್ನೊಂದು ಸುತ್ತು, ಈಗ ಬಟ್ಟಿ, ಹಿಂಡು, ತಿರುವಬ್ಯಾಡ, ಹಿಂಡು. ಕೊನೆಗೆ ಅವಳು ಒಂದು ಚಮಚ ನಾಲಿಗೆಗೆ ಹಚ್ಚಿಕೊಂಡಳು. ಸಂಜೆ ಬಟ್ಟಲಿನಲ್ಲೇ ಹೇಳ್ತೀನಿ ಎಂದು ಜಾಡಿಗೆ ಬಟ್ಟೆ ಕಟ್ಟಿದಳು. ನನಗೆ ಊಟ ಸೇರಲಿಲ್ಲ.

ಸಂಜೆ ಸೂರ್ಯ ನಮ್ಮ ಊರಿನ ಪದ್ಧತಿಯಂತೆ ಬೆಟ್ಟದ ಹಿಂದೆ ಇಳಿಯುತ್ತಿದ್ದ; ಕಡಲಿನಲ್ಲಿ ಮುಳುಗುವುದಿಲ್ಲ ಎಂದು ಫೋಟೋದವನಿಗೆ ಯಾರೂ ಹೇಳಿರಲಿಲ್ಲ. ಬಿಳಿಯ ಬಟ್ಟೆಯ ಮಂಟಪದ ಪಕ್ಕ ಒಂದು ಪುಟ್ಟ ಮೇಜು, ಮೇಲೆ ಜಾಡಿ. ಎಲ್ಲರೂ ಮದುಮಗನನ್ನು ಎದುರುಗೊಳ್ಳಲು ಹೋಗಿದ್ದರು. ನಾನು ಮಂಡಿ ನೋವಿನಿಂದ ಅಲ್ಲೇ ಕುರ್ಚಿಯಲ್ಲಿದ್ದೆ. ಕಡಲ ಗಾಳಿ ಎದ್ದಿತು. ಮೇಜಿನ ಹಾಸು ಹಾಯಿಯ ಹಾಗೆ ಉಬ್ಬಿತು, ಜಾಡಿ ಅಂಚಿನ ಕಡೆಗೆ ಒಂದು ಗೇಣು ಸರಿಯಿತು.

ಎದ್ದೆ. ಎರಡೂ ಕೈ ಮುಂದೆ ಬಂದವು. ಹಾಗೇ ಹಿಂದಕ್ಕೆ ತಂದು ಕಟ್ಟಿಕೊಂಡೆ. ಮೇಜಿಗೂ ಕಡಲಿಗೂ ನಡುವೆ ನಿಂತು, ಗಾಳಿಗೆ ಬೆನ್ನು ಕೊಟ್ಟು, ಹಾಸಿನ ಅಂಚನ್ನು ಕಾಲಿನಿಂದ ಮೆಟ್ಟಿ ಹಿಡಿದು ಕೂಗಿದೆ. ನನ್ನ ರೇಷ್ಮೆ ಸೀರೆಯ ಸೆರಗು ತಲೆಯ ಮೇಲೆ ಹಾರಿ ಮುಖ ಮುಚ್ಚಿತು. ಯಾರೋ ಬಂದು ಜಾಡಿ ಎತ್ತಿದರು. ಸೆರಗು ತೆಗೆದು ನೋಡಿದರೆ ಆ ಅಣ್ಣ, ಜಾಡಿಯನ್ನು ಎದೆಗೆ ಅವಚಿಕೊಂಡು ನಿಂತಿದ್ದರು. ನನ್ನ ಕೈಗಳನ್ನು ನೋಡಿದರು. ಅವು ಇನ್ನೂ ಬೆನ್ನ ಹಿಂದೆಯೇ ಇದ್ದವು.

"ಒಂದು ಸಲ ಮಳೆಯಲ್ಲಿ ಎತ್ತಿಟ್ಟವರು ನೀವೇ ಅಲ್ಲವೇ?" ಎಂದರು. "ತಂಗಿ ಆ ವಾರವೇ ನನಗೆ ಕಾಗದ ಬರೆದಿದ್ದಳು. ಜಾಡಿ ಚೆಲ್ಲಿದೆ, ಗೆಳತಿಯೂ ಹೋದಳು, ನಾನು ಮಾಡಿದ್ದು ಸರಿಯೇ ಅಂತ. ಸರಿ ಅಂತ ಬರೆದೆ. ಇನ್ನೇನು ಬರೆಯಬೇಕೆಂದು ಆಗ ನನಗೆ ತಿಳಿದಿರಲಿಲ್ಲ."

ಹನ್ನೊಂದು ದಿನ ಅವಳೂ ನೊಂದಿದ್ದಳೆಂದು ನನಗೆ ಮೂವತ್ತೈದು ವರ್ಷದ ಮೇಲೆ ಗೊತ್ತಾಯಿತು. ಕೇಳಬಹುದಿತ್ತು. ಎದುರಿಗೇ ಅವಳ ಮಂಚ ಇತ್ತು.

ಹತ್ತು ಗಂಡಸರು ಸಾಕಾಗಿತ್ತು, ಹದಿನಾಲ್ಕೂ ಮಂದಿ ಬಂದಿದ್ದರು. ಆ ಅಣ್ಣ ಬಟ್ಟಲೆತ್ತಿ ಪ್ರಾರ್ಥನೆ ಹೇಳಿದರು. ಹುಡುಗ ಒಂದು ಗುಟುಕು ಕುಡಿದು ಹುಡುಗಿಗೆ ಕೊಟ್ಟ. ಅವಳು ಕುಡಿದಳು. ಕುಡಿದು ಗಂಡನನ್ನು ನೋಡಲಿಲ್ಲ. ಕುರ್ಚಿಗಳ ಸಾಲಿನಲ್ಲಿ ನನ್ನನ್ನು ಹುಡುಕಿ, ಸಿಕ್ಕ ಮೇಲೆ, ಮುಖ ಮುಚ್ಚಿಕೊಂಡು ಅತ್ತಳು. ನನಗೆ ಉತ್ತರ ಸಿಕ್ಕಿತು. ನನ್ನ ಗಂಡ ಪಕ್ಕದಲ್ಲಿ ಕರವಸ್ತ್ರ ಹುಡುಕುತ್ತಿದ್ದರು.

ಶಾಸ್ತ್ರ ಮುಗಿದ ಮೇಲೆ ಅವಳು ಜಾಡಿ ಹಿಡಿದುಕೊಂಡು, ಜರತಾರಿ ಸೀರೆ ಮರಳಿನ ಮೇಲೆ ಎಳೆಯುತ್ತ ನನ್ನ ಹತ್ತಿರ ಬಂದಳು. ಇನ್ನೊಂದು ಕೈಯಲ್ಲಿ ಅಡುಗೆಯವರಿಂದ ಇಸಿದುಕೊಂಡ ಒಂದು ಸ್ಟೀಲಿನ ಲೋಟ. ತಾನೇ ಬಗ್ಗಿಸಿದಳು, ತುಂಬ, ತುಳುಕುವಷ್ಟು. ನನ್ನ ಕೈ ಎಲ್ಲಿದೆ ಎಂದು ನೋಡಿದಳು. ಬೆಳಗಿನಿಂದ ಆದ ಅಭ್ಯಾಸ, ಮತ್ತೆ ಬೆನ್ನ ಹಿಂದೆ ಹೋಗಿದ್ದವು.

"ಕೈ ಮುಂದ ತರ್ರಿ ಮೌಶಿ," ಎಂದಳು. "ಜಾಡಿ ನಂದು, ಲೋಟ ನಿಮ್ದು."

ಅಮ್ಮ ಮನೆಯಲ್ಲಿ ಆ ಮಾತು ಹೇಳುತ್ತಿದ್ದಳಂತೆ, ಪ್ರತಿ ಶುಕ್ರವಾರ, ನಾನು ಇಲ್ಲದಿದ್ದಾಗಲೂ, ಒಂದು ಲೋಟ ಹೆಚ್ಚಿಗೆ ಇಟ್ಟು.

ಕೈ ಮುಂದೆ ತಂದೆ.